ಹಲ್ಲಿನಿಂದ ಕೇಳುವ ಗಫಾರ ಮಿಸ್ತ್ರಿ

ಗಫಾರ ಮಿಸ್ತ್ರಿ ಹಲ್ಲಿನಿಂದ ಕೇಳುತ್ತಾರೆ. ಹೀಗೆಂದರೆ ಹೊಸಬರು ನನ್ನ ಮುಖವನ್ನು ಅನುಮಾನದಿಂದ ನೋಡುತ್ತಾರೆ. ಹುಕ್ಕೇರಿಯ ಕನ್ನಡ ಮಾಸ್ತರ ಏನೋ ಅಲಂಕಾರ ಹಾರಿಸುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಅಲಂಕಾರವಲ್ಲ ಮಾರಾಯರೇ, ಕಣ್ಣಾರೆ ಕಂಡ ಮಾತು. ಕೊಣ್ಣೂರಿನ ಅವರ ಗ್ಯಾರೇಜಿನ ಮುಂದೆ ಮೋಟರ್‌ಸೈಕಲ್ಲೊಂದು ಬಂದು ನಿಂತಿತೆಂದರೆ, ಖಾಕಿ ಕೋಟಿನ ಎಡಗಿಸೆಯಿಂದ ಮೊಳದುದ್ದದ ಸ್ಕ್ರೂಡ್ರೈವರನ್ನು ಎಳೆದು, ಅದರ ಮರದ ಹಿಡಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಕುಕ್ಕರಗಾಲಿನಲ್ಲಿ ಕೂತು, ಧ್ಯಾನಸ್ಥ ಯೋಗಿಯಂತೆ ಕಣ್ಣು ಮುಚ್ಚಿಬಿಡುತ್ತಾರೆ. ಕಣ್ಣು ಮುಚ್ಚುವ ಮೊದಲೇ ಗಿರಾಕಿ ತನ್ನ ಗಾಡಿಯ ರೋಗವನ್ನು ವರ್ಣಿಸಲು ಹೊರಟರೆ ಎಡಗೈ ಮೇಲೇಳುತ್ತದೆ. ಬಾಯಲ್ಲಿ ಹಿಡಿಯಿದ್ದರೂ ಮಾತು ಸ್ಪಷ್ಟವಾಗಿಯೇ ಬರುತ್ತದೆ: "ತಡೀರಿ. ಅದು ಮಾತಾಡ್ಲಿ."

ಮೊದಲು ಅವರಿಗೆ ಸ್ಕ್ರೂಡ್ರೈವರು ಬೇಕಿರಲಿಲ್ಲ. ಬರೀ ಕಿವಿಯೇ ಸಾಕಾಗಿತ್ತು, ಆ ಕಿವಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳಲ್ಲಿ ಹೆಸರಿತ್ತು. ಆ ಕಿವಿ ಎಂದಿನಿಂದ ಕೈಕೊಟ್ಟಿತು ಎಂಬುದು ಯಾರಿಗೂ ತಿಳಿಯದು. ಕಿವುಡು ಬಾಗಿಲು ಬಡಿದು ಬರುವ ನೆಂಟನಲ್ಲವಲ್ಲ. ಈಗ ಅವರು ಎಡ ಭುಜ ಮುಂದೆ ಮಾಡಿ, ಎದುರಿನವರ ತುಟಿಯ ಮೇಲೆ ಕಣ್ಣಿಟ್ಟು ನಡೆಯುತ್ತಾರೆ. ಮಗ ತಂದುಕೊಟ್ಟ ಕಿವಿಯ ಯಂತ್ರ ಗೂಡಿನಲ್ಲಿ ಧೂಳು ತಿನ್ನುತ್ತಿದೆ. ಅದರಲ್ಲಿ ಎಲ್ಲ ಎಂಜಿನ್ನುಗಳೂ ಒಂದೇ ಸಮನೆ ಕಿರುಚುತ್ತವಂತೆ. ಹಲ್ಲಿನಿಂದಾದರೋ ಬಡಿತ ತಿಳಿಯುತ್ತದೆ, ರಾಗ ತಿಳಿಯುವುದಿಲ್ಲ.

ಕೋಟಿನ ಬಲಗಿಸೆಯಲ್ಲಿ ಒಂದು ಪುಟ್ಟ ಸೀಸೆಯಿದೆ: ಉಗುರಿಗೆ ಹಚ್ಚುವ ಕೆಂಪು ಬಣ್ಣ. ಅರವತ್ತೈದು ದಾಟಿದ ಗಂಡಸಿನ ಕಿಸೆಯಲ್ಲಿ ಇದೇನು ಎಂದು ನಗಬೇಡಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಮೈನಾಬಿಯ ಪೆಟ್ಟಿಗೆಯಿಂದ ಕದ್ದು ಆರಂಭಿಸಿದ ಪದ್ಧತಿಯಿದು. ಗಾಡಿಯ ಕಾರ್ಬೋರೇಟರನ್ನು, ಅಂದರೆ ಪೆಟ್ರೋಲಿಗೂ ಗಾಳಿಗೂ ಲಗ್ನ ಮಾಡಿಸುವ ಆ ಲೋಹದ ಗಂಟನ್ನು, ಸರಿಪಡಿಸಿದ ಮೇಲೆ ಅದರ ತಿರುಪಿನ ಮೇಲೆ ಒಂದು ಹನಿ ಕೆಂಪು ಹಾಕುತ್ತಾರೆ. ಬೇರೆ ಯಾರಾದರೂ ಕೈಹಾಕಿದರೆ ಬಣ್ಣ ಒಡೆದು ಕಳ್ಳತನ ಬಯಲಾಗುತ್ತದೆ. ಸೀಟಿನ ಕೆಳಗೆ ವರ್ಷದ ಎರಡು ಅಂಕಿಗಳನ್ನು ಕುಟ್ಟುತ್ತಾರೆ. ನನ್ನ ರಾಜದೂತಕ್ಕೆ '೧೪' ಎಂದು ಕುಟ್ಟಿದ್ದಾರೆ. ಅಂದಿನಿಂದ ಭಾನುವಾರಕ್ಕೊಮ್ಮೆ ಮಾತ್ರ ಹೊರಬೀಳುವ ಆ ಗಾಡಿಯ ಕೆಂಪು ಹನಿ ಇನ್ನೂ ಹಾಗೇ ಇದೆ.

ಮೈನಾಬಿ ಗೋಕಾಕ ಫಾಲ್ಸಿನ ಹೆಣ್ಣುಮಗಳು. ತಂದೆ ಅಲ್ಲಿಯ ಗಿರಣಿಯಲ್ಲಿ ದುಡಿಯುತ್ತಿದ್ದರು. ಒಂದು ಕಡೆ ನೀರಿನ ಅಬ್ಬರ, ಇನ್ನೊಂದು ಕಡೆ ಮಗ್ಗಗಳ ಅಬ್ಬರ, ನಡುವೆ ತಾಯಿ ಕೂಗಿದ್ದನ್ನು ಹೆಕ್ಕಿಕೊಂಡು ಬೆಳೆದ ಕಿವಿ. ಮಿಸ್ತ್ರಿಯ ಯೆಜ್ಡಿ ಕಾಲುವೆಯ ತಿರುವಿಗೆ ಬರುತ್ತಲೇ ಆಕೆಗೆ ಗುರುತು ಸಿಗುತ್ತಿತ್ತು. ರಸ್ತೆಯಲ್ಲಿ ಹತ್ತು ಗಾಡಿ ಹಾದರೂ ಕೈ ಅಲುಗದು. ಹನ್ನೊಂದನೆಯದು ಗಂಡನದಾದರೆ ಒಲೆಯ ಮೇಲೆ ನೀರು ಏರುತ್ತಿತ್ತು. ಮಿಸ್ತ್ರಿ ಒಳಗೆ ಬಂದು ಕಾಲು ತೊಳೆದು ಕೂರುವಷ್ಟರಲ್ಲಿ ಚಹಾ ಕುದಿಯುತ್ತಿತ್ತು. ಮೂವತ್ತು ವರ್ಷ ಅವರು 'ಚಾ ಮಾಡು' ಎಂದು ಬಾಯಿಬಿಟ್ಟು ಹೇಳಿದವರಲ್ಲ.

ಹದಿನೆಂಟನೆಯ ಇಸವಿಯ ಬಕ್ರೀದಿಗೆ ಮುಂಚೆ ಮಿಸ್ತ್ರಿ ಯೆಜ್ಡಿಯನ್ನು ಹೊಸದಾಗಿ ಕಟ್ಟಿ ಮನೆಗೆ ತಂದರು. ಮೈನಾಬಿ ಬಾಗಿಲಲ್ಲಿ ನಿಂತು, "ನಿಮ್ಮ ಗಾಡಿ ದನಿ ಬ್ಯಾರೆ ಆಗೈತಿ. ಕಿವಿ ತೋರ್ಸ್ಕೋರಿ ಒಮ್ಮೆ" ಅಂದರಂತೆ. ಮೂರು ತಾಲ್ಲೂಕು ತಲೆಬಾಗುವ ಕಿವಿಗೆ ಮನೆಯ ಹೆಂಗಸು ಬುದ್ಧಿ ಹೇಳುವುದೇ! ಮಿಸ್ತ್ರಿ ಕೆರಳಿದರು. "ರೊಟ್ಟಿ ತಟ್ಟಾಕಿ ನನಗ ಎಂಜಿನ್ ಕಲಸ್ತೀ?" ಎಂದು ನಾಲ್ಕು ಮನೆಗೆ ಕೇಳುವಂತೆ ಗದರಿದರು. ಆಕೆ ರೊಟ್ಟಿ ತಟ್ಟಲು ಒಳಗೆ ಹೋದರು. ಆದರೆ ಅಂದಿನಿಂದ ತಿರುವಿನ ಚಹಾ ನಿಂತುಹೋಯಿತು. ಮಿಸ್ತ್ರಿ ಒಳಗೆ ಬಂದು ಕೂತಮೇಲೆಯೇ ಒಲೆ ಹೊತ್ತುತ್ತಿತ್ತು. 'ಸಿಟ್ಟು ಹಿಡಿದಾಳ, ಹಿಡೀಲಿ' ಎಂದು ಇವರೂ ಬಿಗಿದುಕೊಂಡರು. ಎರಡೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಮೈನಾಬಿ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು.

ಇದೆಲ್ಲ ನನಗೆ ತಿಳಿದದ್ದು ಹಿಡಕಲ್ಲಿನ ಹಿನ್ನೀರ ದಂಡೆಯಲ್ಲಿ, ಕಳೆದ ಬೇಸಿಗೆ, ಡೈನೊದ ತಯಾರಿಗೆಂದು ನಾವಿಬ್ಬರೂ ಊರೂರು ಅಲೆಯುತ್ತಿದ್ದಾಗ. ಡೈನೊ ಎಂದರೆ ಬಹಳವೇನಲ್ಲ, ಒಂದು ಉಕ್ಕಿನ ಉರುಳೆ. ಗಾಡಿಯ ಹಿಂದಿನ ಗಾಲಿಯನ್ನು ಅದರ ಮೇಲೆ ಕೂರಿಸಿ, ಪಟ್ಟಿಗಳಿಂದ ಬಿಗಿದು ಓಡಿಸಿದರೆ ಗಾಡಿ ನಿಂತಲ್ಲೇ ಓಡುತ್ತದೆ. ಎಂಜಿನ್ನಿನ ಬಲವೆಷ್ಟು, ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಎಂದು ಕಂಪ್ಯೂಟರು ಗೆರೆ ಎಳೆದು ತೋರಿಸುತ್ತದೆ. ಗೋಕಾಕದ ಸೂರಜ ಎಂಬ ತರುಣ ತನ್ನ ಹೊಸ ಭಾರೀ ಗಾಡಿಗೆ ಕೊಲ್ಹಾಪುರದಲ್ಲಿ ಈ ಪರೀಕ್ಷೆ ಮಾಡಿಸಿ, ಆ ಕಾಗದವನ್ನು ಜಾತಕದಂತೆ ಹಿಡಿದು ಮೆರೆಯುತ್ತ ಗ್ಯಾರೇಜಿಗೆ ಬಂದಿದ್ದ. ಮಿಸ್ತ್ರಿ ಆ ಗೆರೆಯ ಮೇಲೆ ಬೆರಳಾಡಿಸಿ ಎಷ್ಟೋ ಹೊತ್ತು ಕೂತರು. "ಮಾಸ್ತರ, ಇದು ಕಣ್ಣೀಲೆ ಕೇಳೂ ಮಿಷಿನ್ ಐತಿ" ಅಂದರು.

ಅದನ್ನು ಕೊಣ್ಣೂರಿಗೇ ತರಿಸಬೇಕೆಂದು ಕೇಳಿದರೆ, ಹನ್ನೆರಡು ಗಾಡಿಗೆ ಕಡಿಮೆಯಿದ್ದರೆ ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು ಬರುವುದಿಲ್ಲ ಎಂದು ಕೊಲ್ಹಾಪುರದವರು ಹೇಳಿದರು. ಇವರಿಗೋ ಫೋನು ಕೇಳಿಸದು. ಹಾಗಾಗಿ ಗಾಡಿ ಕೂಡಿಸಲು ಮೂರು ಭಾನುವಾರ ಯೆಜ್ಡಿಯ ಮೇಲೆ ನಮ್ಮ ದಿಗ್ವಿಜಯ ಸಾಗಿತು. ಮುಂದೆ ಅವರು, ಹಿಂದೆ ನಾನು. ಹಿಂದಿನಿಂದ ಲಾರಿ ಬಂದರೆ ಬೆನ್ನಿನ ಬಲಕ್ಕೆ ತಟ್ಟುವುದು ನನ್ನ ಕೆಲಸ. ನಾಲ್ಕು ಬಾರಿ ತಟ್ಟುವುದು ಮರೆತೆ, ನಾಲ್ಕು ಬಾರಿಯೂ ದೇವರು ದೊಡ್ಡವನು.

ಸೋಜಿಗವೆಂದರೆ, ಮಿಸ್ತ್ರಿ ಹೊಳೆಯುವ ಗಾಡಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲದಡಿ ನಿಂತ ಮುದಿ ಗಾಡಿಗಳ ಮುಂದೆ ಕೂತು ಕೆಂಪು ಹನಿ ಹುಡುಕಿದರು, ಸೀಟು ಎತ್ತಿ ಇಸವಿ ಓದಿದರು. ಹನಿ ಒಡೆದಿದ್ದರೆ ತಲೆಯಾಡಿಸಿ ಎದ್ದುಬಿಡುತ್ತಿದ್ದರು. ತನ್ನ ಗಾಡಿಗೇ ಜಾಗವಿಲ್ಲವೆಂದು ತಿಳಿದು ಸೂರಜ ಮುನಿಸಿಕೊಂಡ. "ನಿಮ್ಮ ಗಾಡಿ ಛಲೋ ಐತಿ, ಸೂರಜ" ಅಂದರು ಮಿಸ್ತ್ರಿ, "ಆದ್ರ ಅದಕ್ಕ ನನ್ನ ಬಗ್ಗಿ ಏನ ಗೊತ್ತೈತಿ?"

ನನಗೂ ಅರ್ಥವಾಗಿರಲಿಲ್ಲ. ಹಿಡಕಲ್ಲಿನಲ್ಲಿ ಬುತ್ತಿ ಬಿಚ್ಚಿ ಕೂತಾಗ ಮಿಸ್ತ್ರಿ ಜಗಳದ ಕಥೆ ಹೇಳಿ, ನೀರಿನ ಕಡೆ ನೋಡುತ್ತ ಅಂದರು: "ಎಲ್ಲಾ ನನ್ನ ಕೈಯಾನ ಗಾಡಿ, ಒಂದೊಂದು ಒಂದೊಂದು ವರ್ಷದ್ದು. ನನ್ನ ಕಿವಿ ಯಾವಾಗ ಹೋತು ಅನ್ನೂದು ಅವಕ್ಕ ಗೊತ್ತೈತಿ. ಹದಿನೆಂಟರಾಗ ಆಕಿ ಖರೆ ಅಂದಿದ್ಲೋ, ನಾ ಖರೆ ಅಂದಿದ್ನೋ, ನನಗ ತಿಳೀಬೇಕು ಮಾಸ್ತರ. ಸಾಯೂದ್ರಾಗ ತಿಳೀಬೇಕು." ನಾನು ರೊಟ್ಟಿ ಮುರಿಯುವುದನ್ನು ಬಿಟ್ಟು ಕೂತೆ. ಇದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ಕೆಲಸ, ಬೇಡ ಎಂದು ಹೇಳಬೇಕೆನಿಸಿತು. ಆದರೂ ಮುಂದಿನ ಊರಿಗೆ ಯೆಜ್ಡಿ ಹತ್ತಿದೆ.

ಕಬ್ಬಿನ ಹಂಗಾಮು ಮುಗಿದು ಖಾಲಿ ಬಿದ್ದಿದ್ದ ತೂಕದ ಕಾಟಾದ ಅಂಗಳದಲ್ಲಿ ಒಂದು ಭಾನುವಾರ ಬೆಳಗ್ಗೆ ಹದಿನಾಲ್ಕು ಗಾಡಿಗಳು ಸಾಲುಗಟ್ಟಿದವು. ಮೂಡಲಗಿಗೆ ಕೊಟ್ಟ ಮಗಳು ಸಾಹಿರಾ ತವರಿಗೆ ಬಂದಿದ್ದಳು. ಮನೆಯಲ್ಲಿದ್ದ ಸೊಸೆಯ ಜೊತೆ ಸೇರಿ ಬುಟ್ಟಿ ತುಂಬ ಸುಸಲಾ, ಮಿರ್ಚಿ ಕಳಿಸಿದ್ದಳು. ಯಂತ್ರದ ಜೊತೆ ಬಂದ ಸೋಮಶೇಖರ ಎಂಬ ಇಂಜಿನಿಯರನಿಗೆ ಯಾರ ಪರಿಚಯವೂ ಇರಲಿಲ್ಲ, ಅದೇ ಎಡವಟ್ಟಾಯಿತು. ಮೊದಲು ಮೂಡಲಗಿಯ ಪರಪ್ಪನ ಗಾಡಿ ಏರಿತು, ಹತ್ತೊಂಬತ್ತರದು. ಆಮೇಲೆ ಇಪ್ಪತ್ತರದು, ಇಪ್ಪತ್ತೊಂದರದು. ಮೂರನೆಯ ಕಾಗದ ಹೊರಬರುತ್ತಲೇ ಸೋಮಶೇಖರ ನಕ್ಕ. "ಎಲ್ಲಾ ಗಾಡಿಗೂ ಒಂದ ರೋಗ ಐತಲ್ರಿ! ಪೆಟ್ರೋಲ್ ಕುಡದು ಕುಡದು ಉಸಿರು ಕಟ್ಟಾಕತ್ತೈತಿ. ಯಾವ ಕಿವುಡ ಕಟ್ಯಾನ್ರಿ ಇವನ್ನ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಮಗೆ ಗೊತ್ತಿತ್ತೇ? ಗೊತ್ತಿತ್ತು, ಸುಳ್ಳೇಕೆ ಹೇಳಲಿ. ಆರೇಳು ವರ್ಷಗಳಿಂದ ಗಾಡಿ ಅವರೇಜ್ ಕೊಡುತ್ತಿಲ್ಲವೆಂದು ಕಟ್ಟೆಯ ಮೇಲೆ ಗೊಣಗುತ್ತಿದ್ದರು ಎಲ್ಲರೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಪೆಟ್ರೋಲಿನವರನ್ನು ಬೈಯುತ್ತಿದ್ದರು. ಮಿಸ್ತ್ರಿಯ ಮುಂದೆ ಮಾತ್ರ ಯಾರೂ ತುಟಿ ಬಿಚ್ಚಿದವರಲ್ಲ. ಅಂಥ ಕೈಗೆ ಹೆಸರಿಡುವುದು ಹೇಗೆ ಎಂಬ ಮರ್ಯಾದೆ! ನಮ್ಮ ಮರ್ಯಾದೆಯೇ ಅವರನ್ನು ಅಷ್ಟು ವರ್ಷ ಕತ್ತಲೆಯಲ್ಲಿ ಇಟ್ಟಿತು. ಖರೆ ಹೇಳಿದ್ದು ಒಬ್ಬಾಕೆ, ಆಕೆಗೆ ಬಿದ್ದದ್ದು ಗದರಿಕೆ.

"ಏನಂದ್ರು?" ಎಂದು ಮಿಸ್ತ್ರಿ ನನ್ನ ತುಟಿ ನೋಡಿದರು. ನಾನು ಮುಖ ಅತ್ತ ತಿರುಗಿಸಿದೆ. ಪರಪ್ಪನೇ ಮುಂದೆ ಬಂದ: "ಏನಿಲ್ಲ ಬಿಡ್ರಿ ಕಾಕಾ, ಈ ಮಿಷಿನ್ನ ಖೋಟಾ ಐತಿ."

ಎಡಗೈ ಮೇಲೆದ್ದಿತು. "ತಡೀರಿ ಪರಪ್ಪಾ. ಅದು ಮಾತಾಡ್ಲಿ."

ಅದು ಮಾತಾಡಿತು. ಮಧ್ಯಾಹ್ನದ ಹೊತ್ತಿಗೆ ಹದಿಮೂರು ಕಾಗದಗಳು ಬಂದವು. ಮಿಸ್ತ್ರಿ ಅವನ್ನು ಕಾಟಾದ ಕಬ್ಬಿಣದ ಹಾಸಿನ ಮೇಲೆ ಇಸವಿಯ ಪ್ರಕಾರ ಹರಡಿ, ಒಂದೊಂದಕ್ಕೂ ಒಂದೊಂದು ಕಲ್ಲು ಹೇರಿದರು. ನನ್ನ ಹದಿನಾಲ್ಕರ ರಾಜದೂತದ ಗೆರೆ ನೋಡಿ ಸೋಮಶೇಖರನೇ ಬೆರಗಾಗಿ, "ಇದನ್ನ ಯಾವ ಮಿಷಿನ್ ಮ್ಯಾಲೆ ಮಾಡ್ಸೀರಿ?" ಎಂದು ಕೇಳಿದ. ಹದಿನೈದು, ಹದಿನಾರು ಅಷ್ಟೇ ಸುರಳೀತ. ಹದಿನೇಳರಲ್ಲಿ ಗೆರೆ ಒಂದಿಷ್ಟು ಬಾಗಿತ್ತು. ಕೊನೆಗೆ, ಹದಿನೆಂಟರ ಮೇಲೆ ತಿರುಪು ಮುಟ್ಟದ ತಮ್ಮ ಯೆಜ್ಡಿಯನ್ನು ಮಿಸ್ತ್ರಿ ತಾವೇ ಉರುಳೆಯ ಮೇಲೆ ಏರಿಸಿದರು. ಗೆರೆ ನಡುವಿನಲ್ಲಿ ಕುಸಿದುಬಿದ್ದಿತು.

ಅವರು ಆ ಕಾಗದವನ್ನು ಹಿಡಿದು ಹಾಸಿನ ಅಂಚಿಗೆ ಕೂತರು. ಸೋತ ಮುಖವನ್ನು ನಿರೀಕ್ಷಿಸಿ ನಾನು ಪಕ್ಕದಲ್ಲಿ ಕೂತೆ. ಅವರು ಗೆರೆಯ ಕುಸಿತದ ಮೇಲೆ ಬೆರಳಿಟ್ಟು, ತಮ್ಮ ದನಿ ಎಷ್ಟು ಏರಿತೆಂಬ ಎಚ್ಚರವಿಲ್ಲದೆ, ಇಡೀ ಅಂಗಳಕ್ಕೆ ಕೇಳುವಂತೆ ಅಂದರು: "ಆಕಿ ಸಿಟ್ಟು ಹಿಡಿದಿದ್ದಿಲ್ಲ ಮಾಸ್ತರ. ಆಕಿಗೆ ನಾ ಬಂದದ್ದ ತಿಳೀತಿರಲಿಲ್ಲ. ದಿನಾ ತಿರುವಿಗೆ ಕಿವಿ ಕೊಟ್ಟು ಕೂತಿರ್ತಿದ್ಲು, ಯಾವನೋ ಬ್ಯಾರೆಯವನ ಗಾಡಿ ಬರ್ತಿತ್ತು." ಆಮೇಲೆ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಎಲ್ಲ ತಿಳಿದ ಸೋಮಶೇಖರ ಬಂದು ಅವರ ಕಾಲು ಮುಟ್ಟಹೋದ. ಮಿಸ್ತ್ರಿ ಅವನ ಕೈಗೆ ಸ್ಕ್ರೂಡ್ರೈವರು ಕೊಟ್ಟರು. "ಅದೆಲ್ಲಾ ಬ್ಯಾಡ ಸಾಹೇಬ್ರ. ಆ ಹದಿನಾಲ್ಕರ ಗೆರಿ ಐತಲ್ಲ, ನನ್ನ ಗಾಡಿ ಅದರ ಮ್ಯಾಲೆ ಕೂಡಬೇಕು. ಹ್ಯಾಂಗ ನೋಡೂದು, ತೋರಸ್ರಿ."

ಕಲಿತರು. ಹೊತ್ತು ಇಳಿಯುವವರೆಗೆ ಪರದೆಯ ಮೇಲೆ ಕಣ್ಣಿಟ್ಟು, ಒಂದೊಂದೇ ಗಾಡಿ ಬಿಚ್ಚಿ, ತಾವು ಕೆಡಿಸಿದ್ದನ್ನೆಲ್ಲ ತಾವೇ ತಿದ್ದಿ, ಹೊಸ ಕೆಂಪು ಹನಿ ಹಾಕಿದರು. ಯೆಜ್ಡಿಯನ್ನು ಕೊನೆಗೆ ಮಾಡಿದರು. ಮುಗಿಸಿ, ನನ್ನನ್ನು ಬದಿಗೆ ಕರೆದರು. "ನೀವು ಮುಂದ ಹೋಗಿ ನಮ್ಮ ಮನ್ಯಾಗ ಕೂಡ್ರಿ. ಸಾಹಿರಾಗ ಏನೂ ಹೇಳಬ್ಯಾಡ್ರಿ."

ಹೋಗಿ ಕೂತೆ. ಸಾಹಿರಾ ಅಡಿಗೆಮನೆಯ ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಮಕ್ಕಳ ಶಾಲೆಯ ಸುದ್ದಿ ಹೇಳುತ್ತಿದ್ದಳು. ಹದಿಮೂರನೆಯ ಇಸವಿಯಲ್ಲಿ ಲಗ್ನವಾಗಿ ಹೋದವಳು. ಆಮೇಲೆ ಬಂದಾಗಲೆಲ್ಲ ಬಸ್ಸು, ಸಂತೆ, ಗಡಿಬಿಡಿ. ರಸ್ತೆಯಲ್ಲಿ ಒಂದು ಗಾಡಿ ಹೋಯಿತು. ಇನ್ನೊಂದು ಹೋಯಿತು. ಪರಪ್ಪನದೂ ಹೋಯಿತು. ಆಕೆ ಮಾತು ಮುಂದುವರಿಸಿಯೇ ಇದ್ದಳು. ನಾನು ರಸ್ತೆಗೆ ಕಿವಿಗೊಟ್ಟು ಕೂತಿದ್ದೆ, ಆದರೆ ಆ ಯೆಜ್ಡಿಯ ಹಳೆಯ ದನಿ ನನಗೇನು ಗೊತ್ತು? ಆಗ ಕಾಲುವೆಯ ತಿರುವಿನಿಂದ ಒಂದು ಸದ್ದು ಬಂತು, ಒಣಗಿದ ಹಲಗೆಯ ಮೇಲೆ ಬೆರಳು ಬಾರಿಸಿದ ಹಾಗೆ. ಸಾಹಿರಾ ಮಾತಿನ ನಡುವೆಯೇ ಎದ್ದಳು, ಒಲೆ ಹೊತ್ತಿಸಿದಳು, ಪಾತ್ರೆಗೆ ನೀರು ಸುರಿದಿಟ್ಟಳು. ಇಟ್ಟಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡು ನಿಂತುಬಿಟ್ಟಳು. "ಅಬ್ಬಾ ಬಂದ್ರು..." ಅಂದಳು. "ಅಮ್ಮಿ ಇದ್ದಾಗ ಹಿಂಗ..." ಸೆರಗು ಬಾಯಿಗೆ ಹೋಯಿತು.

ಮಿಸ್ತ್ರಿ ಒಳಗೆ ಬಂದವರು ನಮ್ಮಿಬ್ಬರ ಮುಖ ನೋಡಲಿಲ್ಲ. ಒಲೆಯ ಮೇಲಿನ ಹಬೆ ನೋಡಿದರು. ಕಾಲು ತೊಳೆದು ಬಂದು, ತಮ್ಮ ಜಾಗದಲ್ಲಿ ಕೂತು, ಏನೂ ಕೇಳದೆ ಕೈಚಾಚಿದರು.

ಕಸುಬಿನಲ್ಲಿ ಹೆಸರು ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ. ತಮ್ಮದೇ ಸರಿಯೆಂದು ಸಾಧಿಸಲು ಅವರಲ್ಲಿ ಎಷ್ಟೋ ಜನ ಊರು ಕೂಡಿಸುತ್ತಾರೆ. ತೀರಿಹೋದ ಒಬ್ಬಾಕೆಯ ಮಾತು ಸರಿಯಿತ್ತೆಂದು ತಿಳಿಯುವುದಕ್ಕಾಗಿ ಮೂರು ತಾಲ್ಲೂಕು ಕೂಡಿಸಿ, ತನ್ನ ತಪ್ಪನ್ನು ವರ್ಷವಾರು ಹರಡಿಕೊಂಡು ಕೂರುವವರು ಅಪರೂಪ. ಅಂಥವರು ಕಳೆದುಕೊಂಡದ್ದು ಮರಳಿ ಸಿಗುತ್ತದೆಯೇ? ಎಲ್ಲಿಂದ ಸಿಗಬೇಕು! ಆದರೂ ಅವರ ಮನೆಯ ಒಲೆಯ ಮೇಲೆ ಈಗ ದಿನಾ ಸಂಜೆ, ಅವರು ಬಾಗಿಲಿಗೆ ಬರುವ ಮೊದಲೇ ನೀರು ಏರುತ್ತದೆ. ಸಾಹಿರಾ ಮೂಡಲಗಿಗೆ ಮರಳುವ ಮುನ್ನ ಆ ದನಿಯನ್ನು ಸೊಸೆಗೆ ಗುರುತು ಮಾಡಿಕೊಟ್ಟು ಹೋಗಿದ್ದಾಳೆ.