ಮಸಿ ಹತ್ತದ ಜಾಗ

“ಕೆನ್ನೆ ಮ್ಯಾಲಿನ ಮಚ್ಚೆ ಮರೀಬ್ಯಾಡಿ,” ಎಂದರು ಬಾಗಿಲ ಹಿಂದಿನಿಂದ ವೀರಮ್ಮ.

ರುದ್ರಸ್ವಾಮಿಯ ಕೈಯ ಜೇನುಮೇಣದ ಕಡ್ಡಿ ಕಾಗದದ ಮೇಲೇ ನಿಂತಿತು. ಮಚ್ಚೆ?

“ಯಾವ ಕೆನ್ನೆ?” ಬಾಯಿತಪ್ಪಿ ಬಂದುಬಿಟ್ಟಿತು.

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಅತ್ತೆಯಾದವಳು ಅಳಿಯನ ಎದುರು ಬರುವ ರೂಢಿ ಪಿರಿಯಾಪಟ್ಟಣದ ಆ ಮನೆಯಲ್ಲಿರಲಿಲ್ಲ.

“ಎಡಗೆನ್ನೆ ತಾನೇ, ಅಂತ ಕೇಳ್ದೆ,” ಎಂದು ತಿದ್ದಿದ.

“ನಿಮ್ಗೆ ಕಂಡಂಗೆ ಬರೀರಿ.”

ನಾಳೆ, ತೀರಿಹೋದ ಹೆಂಡತಿ ನೀಲಾಂಬಿಕೆಯ ಗಣಾರಾಧನೆ. ಪೂಜೆಗಿಡಲು ಒಂದು ಫೋಟೋ ಇಲ್ಲ. ಫೋಟೋ ಹಿಡಿಸಿದರೆ ಆಯುಸ್ಸು ಕಮ್ಮಿಯೆಂದು ಯಾರೂ ಹಿಡಿಸಿರಲಿಲ್ಲ. ಆಯುಸ್ಸು ಇಪ್ಪತ್ತಕ್ಕೇ ಮುಗಿಯಿತು. ಮೈಸೂರಿನಲ್ಲಿ ಚಿತ್ರಕಲೆ ಕಲಿತ ಗಂಡನಿರುವಾಗ ಚಿಂತೆಯೇನು?

ಮಾವ ಕಂಠಪ್ಪ ಬಗ್ಗಿ ನೋಡಿದರು. “ಅದೇನ್ ಬರೀತಿದ್ದೀರೋ ಅಳಿಮಯ್ನೋರೆ! ಸುಣ್ಣದ ಗೋಡೆಗೆ ಸುಣ್ಣ ಬಳ್ದಂಗದೆ.”

“ಮಸಿ ಬಳಿದ ಮೇಲೆ ಕಾಣುತ್ತೆ. ಮೇಣ ಇದ್ದ ಕಡೆ ಮಸಿ ಹತ್ತೋಲ್ಲ.”

ಬಿಳಿಯ ಮೇಲೆ ಬಿಳಿ. ಬರೆಯುತ್ತಿರುವುದು ಯಾರಿಗೂ ಕಾಣದು. ಅದಕ್ಕೇ ಈ ಕ್ರಮವನ್ನು ಆರಿಸಿಕೊಂಡಿದ್ದ.

ಹುಣಸೂರಿನ ಅವನ ತುಂಬುಮನೆಯಲ್ಲಿ ಹಗಲು ಹೆಂಡತಿಯತ್ತ ಕಣ್ಣೆತ್ತುವುದು ಸಲ್ಲದು. ಅಜ್ಜಿಕತೆಯ ಗಂಧರ್ವಕನ್ಯೆಯಂತೆ ಅವಳು ದೀಪ ಆರುವ ಹೊತ್ತಿಗೆ ಬಂದು, ಕೋಳಿ ಕೂಗುವ ಮೊದಲೇ ಎದ್ದು ಹೋಗುತ್ತಿದ್ದಳು. ದೀಪ ತುಸು ಹೊತ್ತು ಇರಲಿ ಎಂದು ಅವನು ಒಮ್ಮೆಯೂ ಅಂದಿರಲಿಲ್ಲ. ಲಕ್ಷ್ಮಣತೀರ್ಥ ಹೊಳೆಯ ಒಂದೊಂದು ತಿರುವನ್ನೂ ಕಣ್ಣುಮುಚ್ಚಿ ಬರೆಯಬಲ್ಲವನು.

ಸೆರಗು ಬಂತು. ಜಡೆ ಬಂತು. ಕೊರಳ ಶಿವದಾರ ಬಂತು. ಮೂಗು ಹೀಗಿತ್ತೇ? ಅಲ್ಲ, ತುಸು ಮೊಂಡು. ತುಟಿ? ಮೇಣವನ್ನು ಅಳಿಸಲು ಬರುವುದಿಲ್ಲ. ಗೆರೆಯ ಮೇಲೆ ಗೆರೆ ಎಳೆದ. ತಿದ್ದಿದ. ಮತ್ತೆ ತಿದ್ದಿದ. ಬೆರಳ ತುದಿಗೆ ಕಾಗದವಲ್ಲ, ಮೇಣವೇ ನುಣ್ಣಗೆ, ತಣ್ಣಗೆ ತಾಗಿತು.

ಕುಂಚವನ್ನು ಮಸಿಯಲ್ಲಿ ಅದ್ದಿ ಒಂದೇ ಉಸಿರಿಗೆ ಬಳಿದ.

ಕಪ್ಪಿನೊಳಗಿಂದ ಸೆರಗಿನ ಅಂಚು ಮಿಂಚಿತು. ಜಡೆಯ ಎಳೆಎಳೆಯೂ ಎದ್ದಿತು. ಅದರ ನಡುವೆ ಮುಖವಿರಬೇಕಾದಲ್ಲಿ ಒಂದು ಬಿಳಿ ಬಟ್ಟಲು.

ಕಂಠಪ್ಪ ಹೆಗಲ ವಸ್ತ್ರ ಕೊಡವಿಕೊಂಡು ಹೊರಗೆ ಹೋದರು.

ಬಾಗಿಲು ಕಿರುಗುಟ್ಟಿತು. ವೀರಮ್ಮ ಹೊರಬಂದರು. ತಲೆಯ ಮೇಲೆ ಸೆರಗಿರಲಿಲ್ಲ. ಅಲ್ಲಿ ಯಾರೂ ಇಲ್ಲವೆಂಬಂತೆ ಅವನನ್ನು ದಾಟಿ ಬಂದು ಚಿತ್ರದ ಮುಂದೆ ಕುಳಿತರು. ಅವರ ಮುಖವನ್ನು ಅವನು ನೋಡಿದ್ದು ಅದೇ ಮೊದಲು. ಮಗಳು ತಾಯಿಯನ್ನು ಹೋಲುತ್ತಿದ್ದಳೇ? ಅವನು ನೋಡಿದ, ಇನ್ನೂ ನೋಡಿದ. ಹೇಳಲಾಗಲಿಲ್ಲ.

ವೀರಮ್ಮ ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಲ್ಲಿ ಆ ಬಿಳಿಯ ಮೇಲೆ ಎಳೆದರು. ಅದು ಹನಿಹನಿಯಾಗಿ ಒಡೆದು, ನಿಲ್ಲದೆ, ಕೆಳಗಿನ ಹಸಿ ಮಸಿಗೆ ಜಾರಿತು.

ಅವರು ಮತ್ತೆ ಬೆರಳು ಅದ್ದಿದರು.