ಸುಬೇದಾರನ ಕೆಂಪು ಚುಕ್ಕೆ

"ಗುಂಡ ಹಾರಸಬ್ಯಾಡ್ರಿ, ಬರೇ ನೋಡ್ರಿ," ಎಂದು ಖಂಡೆಪ್ಪ ಏರ್‌ಗನ್ನನ್ನು ಬಸವಲಿಂಗನ ಕೈಗೆ ಕೊಟ್ಟಾಗ, ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದ ಮಗಳು ಸುಜಾತಾ ಒಲೆಯ ಮೇಲಿನ ಚಹಾ ಮರೆತಳು. ಹಿತ್ತಲಿನ ಬೇವಿನ ಮರದಲ್ಲಿ ತೂಗುಹಾಕಿದ ತಗಡಿನ ಮುಚ್ಚಳವೊಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾಳಿಗೆ ಅಲ್ಲಾಡುತ್ತಿತ್ತು. ಕಟ್ಟೆಯ ಮೇಲೆ ಹುಡುಗನ ತಾಯಿ ಕೆಂಪವ್ವ, ಸೋದರಮಾವ ಅಣ್ಣಪ್ಪ ಇಬ್ಬರೂ ಅವಲಕ್ಕಿಯ ತಟ್ಟೆ ಹಿಡಿದು ಕೂತಿದ್ದರು. ಹೆಣ್ಣು ನೋಡಲು ಹುಕ್ಕೇರಿಯಿಂದ ಕಲ್ಲೋಳಿಗೆ ಬಂದವರು. ಬಂದು ಅರ್ಧ ತಾಸಾದರೂ ಹೆಣ್ಣಿನ ಸುದ್ದಿಯೇ ಇರಲಿಲ್ಲ. ಈ ಮನೆಯಲ್ಲಿ ಮೊದಲು ನೋಡುವುದು ಗಂಡಿನ ಕಣ್ಣನ್ನು.

ಖಂಡೆಪ್ಪ ಇಪ್ಪತ್ತೆಂಟು ವರ್ಷ ಫೌಜಿನಲ್ಲಿದ್ದು ಸುಬೇದಾರನಾಗಿ ಮನೆಗೆ ಬಂದವನು. ಊರಿಗೆ ಬಂದರೂ ಹುದ್ದೆ ಮೈಬಿಟ್ಟು ಇಳಿದಿರಲಿಲ್ಲ. ಹೆಂಡತಿ ಉದ್ದವ್ವ ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ವಿಚಾರಣೆ ನಡೆಯುತ್ತಿತ್ತು. ಕಣ್ಣು ನೆಟ್ಟಗಿಲ್ಲದವನ ಬಾಜೂ ನಿಂತವನು ಸಾಯುತ್ತಾನೆ ಎಂಬುದು ಅವನ ದಿನನಿತ್ಯದ ಮಂತ್ರ. ಆದ್ದರಿಂದ ಚಷ್ಮಾ ಹಾಕಿದ ವರಗಳನ್ನು ಅವನು ಅಂಗಳದಿಂದಲೇ ತಿರುಗಿ ಕಳಿಸುತ್ತಿದ್ದ. ಚಷ್ಮಾ ಇಲ್ಲದೆ ಬಂದವರಿಗೆ ಏರ್‌ಗನ್ನಿನ ಮೇಲೆ ಕೂರಿಸಿದ ರೆಡ್ ಡಾಟ್ ಸೈಟು, ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಗಾಜು, ಕಾದಿರುತ್ತಿತ್ತು.

ಸುಜಾತಾ ಚಿಕ್ಕಂದಿನಿಂದ ಕೇಳಿ ಕೇಳಿ ಆ ಯಂತ್ರದ ಪುರಾಣ ಬಾಯಿಪಾಠ ಮಾಡಿಕೊಂಡಿದ್ದಳು. ಅದರ ಹೊಟ್ಟೆಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಕೆಂಪು ದೀಪ. ಅದರ ಬೆಳಕು ಮುಂದಿನ ಓರೆ ಗಾಜಿಗೆ ಬಡಿದು ನೋಡುವವನ ಕಣ್ಣಿಗೇ ವಾಪಸು ಬರುತ್ತದೆ, ಗುರಿಯ ಕಡೆಗೆ ಏನೂ ಹೋಗುವುದಿಲ್ಲ. ಆದರೂ ಚುಕ್ಕೆ ದೂರದ ಗುರಿಯ ಮೇಲೇ ಕೂತಂತೆ ಕಾಣುತ್ತದೆ, ತಲೆ ಅತ್ತಿತ್ತ ಸರಿದರೂ ಅಲ್ಲಿಂದ ಕದಲುವುದಿಲ್ಲ. ಫೌಜಿನಲ್ಲಿ ಅಪ್ಪ ಹಿಡಿದಿದ್ದ ಹೋಲೋಗ್ರಾಫಿಕ್ ಸೈಟಿನ ರೀತಿಯೇ ಬೇರೆ. ಅದರಲ್ಲಿ ಲೇಸರ್ ಬೆಳಕು. ಗುರಿ ಹಿಡಿಯುವ ಉಂಗುರದ ಚಿತ್ರವನ್ನು ಗಾಜಿನೊಳಗೇ ತುಂಬಿರುತ್ತಾರೆ, ಗಾಜು ಒಡೆದು ಒಂದು ಚೂರು ಉಳಿದರೂ ಆ ಚೂರಿನಲ್ಲಿ ಇಡೀ ಉಂಗುರ ಕಾಣುತ್ತದೆ. ಬೆಲೆ ಆನೆಯಷ್ಟು, ಸೆಲ್ ತಿನ್ನುವುದೂ ಆನೆಯಷ್ಟೇ. ರೆಡ್ ಡಾಟ್ ಒಂದೇ ಗುಂಡಿ ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಆದರೆ ಕಣ್ಣಿನಲ್ಲಿ ಸಿಲಿಂಡರ್ ನಂಬರ್, ಅಂದರೆ ಗುಡ್ಡೆಯ ಡೊಂಕಿನ ದೋಷ, ಇದ್ದವನಿಗೆ ರೆಡ್ ಡಾಟ್ ಚುಕ್ಕೆ ದುಂಡಗೆ ಕಾಣದು, ಸಿಡಿದು ಹರಡುತ್ತದೆ. ಹೋಲೋದ ಉಂಗುರ ಅಂಥವನಿಗೂ ಹೆಚ್ಚುಕಡಿಮೆ ನೆಟ್ಟಗೇ ಕಾಣುತ್ತದೆ. "ಹೋಲೋ ಕಳ್ಳಗ ಆಸರಾ ಕೊಡ್ತೈತಿ, ಇದು ಕೊಡಂಗಿಲ್ಲ," ಎಂದು ಅಪ್ಪ ರೆಡ್ ಡಾಟಿನ ಬೆನ್ನು ತಟ್ಟುತ್ತಿದ್ದ.

ಹೋದ ವರ್ಷ ಮೂಡಲಗಿಯಿಂದ ಬಂದ ಮಾಸ್ತರನೊಬ್ಬ ಚುಕ್ಕೆ ಒಣಮೆಣಸಿನಕಾಯಿಯಂತೆ ಉದ್ದಕ್ಕೆ ಕಾಣುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿದ್ದ. ಖಂಡೆಪ್ಪ ಅವನನ್ನು ಚಹಾ ಸಹ ಕೊಡದೆ ಎಬ್ಬಿಸಿದ್ದಲ್ಲದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡವರಿಗೆಲ್ಲ ಕಥೆ ಹೇಳಿ ನಗಿಸಿದ. ಆ ಬಡಪಾಯಿಗೆ ಮೆಣಸಿನಕಾಯಿ ಮಾಸ್ತರ ಎಂಬ ಹೆಸರು ಅವನ ಸಾಲೆಯ ಹುಡುಗರ ಬಾಯಿಗೂ ತಲುಪಿತಂತೆ. ಸುಜಾತಾಗೆ ಅಂದು ಅಪ್ಪನ ಬಗ್ಗೆ ಹೇಸಿಗೆ ಹುಟ್ಟಿತ್ತು.

ಅವಳು ಗೋಕಾಕದ ಚಷ್ಮಾ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹುಕ್ಕೇರಿಯ ಕರೆಂಟಿನ ಲೈನ್‌ಮನ್ ಬಸವಲಿಂಗ ಹನ್ನೊಂದು ತಿಂಗಳ ಹಿಂದೆ ಆ ಅಂಗಡಿಗೆ ಬಂದಿದ್ದ. ಬೀದಿದೀಪಗಳು ನಕ್ಷತ್ರದಂತೆ ಕಾಲು ಚಾಚಿ ಕಾಣುತ್ತವೆ ಎಂದು ನಗುತ್ತಾ ಹೇಳಿದ್ದ. ಎರಡೂ ಕಣ್ಣಿಗೆ ಸಿಲಿಂಡರ್ ನಂಬರ್. ಚಷ್ಮಾ ಒಯ್ಯಲು ಒಮ್ಮೆ ಬಂದವನು ಅದರ ಕಾಲು ಸಡಿಲಾಯಿತೆಂದು ಮತ್ತೆ ಬಂದ, ಮೂಗಿಗೆ ಒತ್ತುತ್ತದೆ ಎಂದು ಇನ್ನೊಮ್ಮೆ ಬಂದ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಅವನಿಲ್ಲದೆ ತನಗೆ ಬದುಕಿಲ್ಲ ಎನ್ನುವ ತನಕ ಅವಳು ಬಂದು ಮುಟ್ಟಿದ್ದಳು.

ಮನೆಯವರ ಮೂಲಕ ಸಂಬಂಧ ಕೇಳಿಸಿದ್ದ ಬಸವಲಿಂಗ, ಪರೀಕ್ಷೆಯ ಸುದ್ದಿ ಕೇಳಿ ಕಂಗಾಲಾದ. ಏನಾದರೂ ಮಾಡು, ಇಲ್ಲದಿದ್ದರೆ ಎಲ್ಲ ಮುಗಿಯಿತು ಎಂದು ಫೋನಿನಲ್ಲಿ ಅತ್ತೂ ಬಿಟ್ಟ. ಚಷ್ಮಾ ತೆಗೆದಿಟ್ಟು ಬಾ, ಚುಕ್ಕೆ ದುಂಡಗಿದೆ, ಕುಂಕುಮದ ಬೊಟ್ಟಿನಂತೆ ಎಂದು ಹೇಳು ಎಂದು ಅವಳೇ ಕಲಿಸಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತೇನೋ. ಬೆಳಕು ಕಡಿಮೆಯಾದರೆ ಚುಕ್ಕೆ ಹರಡುವುದೂ ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಸೈಟಿನ ಬೆಳಕಿನ ತಿರುಪನ್ನು ಎಂಟರಿಂದ ಮೂರಕ್ಕೆ ಇಳಿಸಿದಳು. ಐದು ಸಲ ಕಟ್ ಕಟ್ ಎಂದಾಗ ಅವಳ ಎದೆಯೂ ಅಷ್ಟೇ ಸಲ ಹೊಡೆದುಕೊಂಡಿತ್ತು.

ಈಗ ಬಸವಲಿಂಗ ಬಂದೂಕನ್ನು ಭುಜಕ್ಕೆ ಹಚ್ಚಿ ಕಣ್ಣು ಕಿರಿದು ಮಾಡಿದ. ಬಹಳ ಹೊತ್ತು ನೋಡಿದ.

"ಚುಕ್ಕಿ ಹೆಂಗ ಕಾಣ್ತೈತ್ರಿ?" ಖಂಡೆಪ್ಪ ಕೇಳಿದ.

"ದುಂಡಗ ಐತ್ರಿ. ಕುಂಕುಮದ ಬೊಟ್ಟಿನಂಗ."

"ಮುಚ್ಚಳದ ನಡುವ ಕುಂತೈತೇನ್ರಿ?"

"ಬರೋಬ್ಬರಿ ನಡುವ ಐತ್ರಿ."

ಖಂಡೆಪ್ಪ ಅಂಗಿಯ ಕಿಸೆಗೆ ಕೈ ಹಾಕಿ ಹೊಳೆಯುವ ಗುಂಡಿ ಸೆಲ್ಲೊಂದನ್ನು ತೆಗೆದು ಅಣ್ಣಪ್ಪನ ಅವಲಕ್ಕಿ ತಟ್ಟೆಯ ಪಕ್ಕದಲ್ಲಿಟ್ಟ. ಸೈಟಿನ ಸೆಲ್ ಇದೇ, ಬೆಳಿಗ್ಗೆಯಿಂದ ತನ್ನ ಕಿಸೆಯಲ್ಲೇ ಇದೆ ಎಂದು ತಣ್ಣಗೆ ತಿಳಿಸಿದ. ತಾನು ದಿನಾ ಸೈಟು ಒರೆಸುವಾಗ ತಿರುಪು ಎಂಟರಲ್ಲಿ ಇರುತ್ತದೆ, ಇವತ್ತು ಮೂರರಲ್ಲಿ ಇತ್ತು; ಯಾರೋ ಕೈ ಹಚ್ಚಿದ್ದಾರೆಂದು ಆಗಲೇ ಗೊತ್ತಾಯಿತು, ಆಟ ನೋಡೋಣವೆಂದು ಸೆಲ್ ತೆಗೆದಿಟ್ಟು ಸುಮ್ಮನಿದ್ದುದಾಗಿ ಹೇಳಿದ. ಬಸವಲಿಂಗನ ಮುಖ ಸುಣ್ಣದಂತಾಯಿತು. ಪಾಪ, ಚುಕ್ಕೆ ಕಾಣದ್ದು ತನ್ನ ಕಣ್ಣಿನದೇ ತಪ್ಪೆಂದು ಅವನು ತಿಳಿದಿದ್ದ.

"ನಿನಗ ಹೇಳಿಕೊಟ್ಟವರ ಯಾರೋ?" ಖಂಡೆಪ್ಪ ಬಹುವಚನ ಬಿಟ್ಟಿದ್ದ.

ಚಹಾದ ತಾಟು ಹಿಡಿದು ಹಿತ್ತಲ ಬಾಗಿಲಿಗೆ ಬಂದ ಸುಜಾತಾ ಅಲ್ಲೇ ನಿಂತಳು. ಯಾರೂ ಹೇಳಿಕೊಟ್ಟಿಲ್ಲ ಎನ್ನಲಿ ಎಂದು ಕಾದಳು. ಅದೊಂದು ಮಾತು ಅವನು ಆಡಿದ್ದರೆ, ಇದ್ದ ಸೀರೆಯಲ್ಲೇ ಅವನ ಗಾಡಿ ಹತ್ತಲು ಅವಳು ತಯಾರಿದ್ದಳು.

"ಸುಜಾತಾ ಹೇಳಿಕೊಟ್ಟಾಳ್ರಿ. ನಾ ಬ್ಯಾಡ ಅಂದ್ನಿರಿ, ಆಕೀನ ಕೇಳಲಿಲ್ಲ. ತಿರುಪ ತಿರುವಿದಾಕೀನೂ ಆಕೀನರಿ," ಎಂದ ಬಸವಲಿಂಗ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಅಷ್ಟಕ್ಕೇ ನಿಲ್ಲದೆ, ನಂಬಿಕೆ ಬರದಿದ್ದರೆ ನೋಡಿ ಎಂದು ಫೋನಿನಲ್ಲಿ ಅವಳು ಬರೆದ ಮೆಸೇಜುಗಳನ್ನು ತೆಗೆದು ಸುಬೇದಾರನ ಕೈಗೇ ಕೊಟ್ಟ.

ಖಂಡೆಪ್ಪ ಫೋನನ್ನು ತೋಳುದ್ದ ದೂರ ಹಿಡಿದು, ಹಾಜರಿ ಕರೆಯುವ ದನಿಯಲ್ಲಿ ಓದತೊಡಗಿದ. ಚಿಂತೆ ಮಾಡಬೇಡ ನಾನಿದ್ದೇನೆ ಎಂದು ಬರೆದದ್ದನ್ನು ಓದಿದ. ನಿನ್ನ ಕಣ್ಣು ಹೇಗಿದ್ದರೂ ನನಗೆ ಇಷ್ಟ ಎಂದು ಬರೆದದ್ದನ್ನು ಎರಡು ಸಲ ಓದಿದ. ಕೆಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಣ್ಣಪ್ಪ ನೆಲ ನೋಡಿದ, ಉದ್ದವ್ವ ಒಳಗಿನಿಂದ ಹೊರಗೆ ಬರಲಿಲ್ಲ. ಸುಜಾತಾಗೆ ತನ್ನ ಮೈಮೇಲಿನ ಬಟ್ಟೆಯನ್ನೇ ಒಂದೊಂದಾಗಿ ಬಿಡಿಸಿ ಹಗ್ಗಕ್ಕೆ ಹಾಕಿದಂತಾಯಿತು. ಬಸವಲಿಂಗ ಅವಳ ಕಡೆ ತಿರುಗಲಿಲ್ಲ.

ಓದಿ ಮುಗಿಸಿದ ಖಂಡೆಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಬೀಗರು ಏಳಲು ತಟ್ಟೆ ಕೆಳಗಿಟ್ಟರು.

"ಕುಂಡ್ರರಿ, ಎಲ್ಲಿ ಹೊಂಟೀರಿ? ಹುಡುಗ ಅಡ್ಡಿ ಇಲ್ಲ. ಒಂದ ಮಾತಿಗೆ ಎಲ್ಲಾ ಒಪ್ಪಿಸಿದ. ನನಗ ಇಂಥಾ ಅಳಿಯಾನ ಬೇಕಾಗಿತ್ತು. ಕೇಳಿದಾಗ ಮುಚ್ಚದ ಹೇಳಾವ. ಕಣ್ಣಿಂದೇನೈತಿ, ಚಷ್ಮಾ ಹಾಕ್ಕೋತಾನ. ಉದ್ದವ್ವಾ, ಸಕ್ಕರಿ ತಗೊಂಡ ಬಾ."

"ಅಪ್ಪಾ, ನನಗ ಇಂವ ಬ್ಯಾಡ," ಎಂದಳು ಸುಜಾತಾ.

ಖಂಡೆಪ್ಪ ಫೋನನ್ನು ಮತ್ತೆ ಎತ್ತಿದ. "ಹನ್ನೊಂದ ತಿಂಗಳದ್ದೈತಿ. ಇನ್ನೂ ಓದಲೇನ? ಇಲ್ಲ ಬಸ್‌ಸ್ಟ್ಯಾಂಡಿನ್ಯಾಗ ನಿಂತ ಓದಲೇನ?"

ಅವಳು ತಾಟು ಕೆಳಗಿಟ್ಟಳು. ಉದ್ದವ್ವ ಸಕ್ಕರೆಯ ಬಟ್ಟಲು ತಂದು, ಮಗಳ ಮುಖ ನೋಡದೆ ಅವಳ ಕೈಗೆ ಕೊಟ್ಟಳು. ಮಾತು ಪಕ್ಕಾ ಆದ ಗುರುತಿಗೆ ಬಾಯಿಗೆ ಸಕ್ಕರೆ ಹಾಕುವುದು ನಡೆದುಬಂದ ಪದ್ಧತಿ. ಕೆಂಪವ್ವ ಹಾಕಿಸಿಕೊಂಡಳು, ಅಣ್ಣಪ್ಪ ಹಾಕಿಸಿಕೊಂಡ. ಬಸವಲಿಂಗ ಎದ್ದು ನಿಂತ. ಅವನ ಮುಖಕ್ಕೆ ರಕ್ತ ಮರಳಿತ್ತು, ಮೊದಲಿನ ಚಂದದ ನಗುವೂ ಮರಳಿತ್ತು.

"ಕಡೀಕ ಎಲ್ಲಾ ಚಲೋ ಆತಲ್ಲ," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿ ಅವನು ಬಾಯಿ ತೆರೆದ.

ಅವಳು ಚಿಟಿಕೆ ಸಕ್ಕರೆ ಹಾಕಿದಳು. ಸ್ವಲ್ಪ ಅವನ ಮೀಸೆಗೆ ಅಂಟಿತು. ಅವನು ನಾಲಿಗೆ ಚಾಚಿ ಅದನ್ನೂ ನೆಕ್ಕಿದ. ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು, ಎಲ್ಲರೂ ಮುಹೂರ್ತದ ಮಾತಿಗೆ ಕೂತ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.