ಹಗೇವಿಗೆ ಇಳಿದ ಕಂದೀಲು

ನಾನು ಒಂದು ಕಂದೀಲು. ಬಾಗಲಕೋಟೆಯ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಖಾದರಸಾಬ ನನ್ನನ್ನು ಬೆಸೆದು, ಗಾಜು ಕೂರಿಸಿ, "ಹೋಗು, ಮಂದೀಗೆ ದಾರಿ ತೋರ್ಸು" ಎಂದು ಅಂಗಡಿಯ ಮುಂದೆ ತೂಗುಹಾಕಿದ. ಆಗ ನನಗೆ ಸೊಕ್ಕೇನೂ ಕಡಿಮೆಯಿರಲಿಲ್ಲ.

ಕೊಂಡವನು ಸಿದಗೊಂಡಪ್ಪ, ಎಕರೆಗಟ್ಟಲೆ ಜೋಳ ಬೆಳೆಯುವ ಯಜಮಾನ. ಅವನ ಅಂಗಳದಡಿ ಒಂದು ಹಗೇವು ಇತ್ತು, ಅಂದರೆ ಜೋಳ ತುಂಬಿಡುವ ಆಳವಾದ ನೆಲಗುಂಡಿ. ಮುಚ್ಚಿಟ್ಟ ಹಗೇವಿನ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೇ ಮನುಷ್ಯ ಇಳಿಯುವ ಮೊದಲು ನನ್ನನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಡುತ್ತಿದ್ದರು. ನಾನು ಉರಿದರೆ ಇಳಿಯಬಹುದು, ಆರಿದರೆ ಕೂಡದು.

ಅದೇ ಊರಿನ ಮಲಕಾಜಪ್ಪ ವಾಸನೆಯಿಂದಲೇ ಜೋಳ ಯಾವ ಹೊಲದ್ದೆಂದು ಹೇಳುವವನು. ಸಿದಗೊಂಡಪ್ಪನ ಮಗಳು ನಿಂಬೆವ್ವನ ನಿಶ್ಚಯದ ಊಟದಲ್ಲಿ ಅವನು ರೊಟ್ಟಿ ಮೂಸಿ ತಾಟು ದೂಡಿದ. "ಮುಗ್ಗಲ ಜೋಳ. ದನಾನೂ ತಿನ್ನೂದಿಲ್ಲ ಇದನ್ನ" ಎಂದ. ಗಂಡಿನ ಕಡೆಯವರು ಮೊದಲು ನಕ್ಕರು, ಆಮೇಲೆ ಎದ್ದುಹೋದರು. ನಿಂಬೆವ್ವನಿಗೆ ಮತ್ತೆ ಸಂಬಂಧ ಕೂಡಿಬರಲಿಲ್ಲ. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಸಿದಗೊಂಡಪ್ಪ ಜಗಳಕ್ಕೆ ಹೋಗಲಿಲ್ಲ. ಮಲಕಾಜಪ್ಪನಿಗೆ ಬೆಣ್ಣೆ ಹಚ್ಚತೊಡಗಿದ. ಎದುರಾದಲ್ಲೆಲ್ಲ ಕೈಮುಗಿದ, ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ. ಕೊನೆಗೊಂದು ಮುಂಜಾನೆ ಹಗೇವಿನ ಬಾಯಿ ತೆಗೆದು ಅವನನ್ನು ಕರೆದ.

"ಅಣ್ಣಾ, ಬೀಜದ ಜೋಳ ಐತಿ. ಮ್ಯಾಲ ತಂದ್ರ ಗಾಳಿ ಹತ್ತಿ ವಾಸನಿ ಹೋಕ್ಕತಿ. ಒಳಗ ಇಳದು ನೋಡಾವ್ರು ನಿಮ್ಮನ್ನ ಬಿಟ್ರ ಯಾರದಾರ? ಆದ್ರ ಮೊದ್ಲ ದೀಪ ಇಳಸ್ತೀನಿ. ನಿಮ್ಮ ಜೀವ ದೊಡ್ಡದು."

ಮಲಕಾಜಪ್ಪ ಉಬ್ಬಿಹೋದ.

ಹಗ್ಗ ಅರ್ಧ ಆಳಕ್ಕೇ ನಿಂತಿತು. ಉಳಿದದ್ದನ್ನು ಸಿದಗೊಂಡಪ್ಪ ಕಾಲಡಿ ಅದುಮಿಕೊಂಡಿದ್ದ. ಇಕ್ಕಟ್ಟಾದ ಬಾಯಿಂದ ಬಗ್ಗಿ ನೋಡಿದವನಿಗೆ ಕಂಡದ್ದು ನನ್ನ ಬೆಳಕು ಮಾತ್ರ. "ಚಲೋ ಉರೀತೈತಲ್ಲೋ!" ಎಂದು ಮಲಕಾಜಪ್ಪ ನಕ್ಕ. ನನ್ನನ್ನು ಮೇಲೆಳೆದುಕೊಂಡರು, ಅವನು ಇಳಿದ. ಮತ್ತೆ ಅವನ ದನಿ ಬರಲಿಲ್ಲ.

"ಕಂದೀಲ ಮೋಸ ಮಾಡ್ತು!" ಎಂದು ಸಿದಗೊಂಡಪ್ಪ ಎದೆ ಬಡಿದುಕೊಂಡು ಅತ್ತ. ಊರು ನಂಬಿತು. ಜನ ನನ್ನ ಮೇಲೆ ಉಗುಳಿದರು, ದೀಪ ಇಳಿಸುವುದನ್ನೇ ಬಿಟ್ಟರು.

ಮರುವರ್ಷ ಅದೇ ಹಗೇವು ತೆರೆದಾಗ ಸಿದಗೊಂಡಪ್ಪನ ತಮ್ಮ ಗುರುಪಾದ ಒಳಗೆ ಕಾಲು ಇಳಿಬಿಟ್ಟ.

"ತಡಿ, ದೀಪ ಇಳಸೋಣು" ಎಂದ ಸಿದಗೊಂಡಪ್ಪ.

"ಆ ಸುಳ್ಳ ದೀಪ ಯಾಕ ಬೇಕು ಯಣ್ಣಾ? ಮಲಕಾಜಪ್ಪನ್ನ ಕೊಂದಿದ್ದು ಅದ ಅಲ್ಲೇನು?"

ಊರಿನವರು ಸುತ್ತ ನೆರೆದಿದ್ದರು. ಮಲಕಾಜಪ್ಪನ ಹೆಂಡತಿ ಕಾಶವ್ವನೂ ಇದ್ದಳು. ಸುಮ್ಮನಿದ್ದರೆ ತಮ್ಮ ಹೋಗುತ್ತಾನೆ, ಬಾಯಿಬಿಟ್ಟರೆ ತಾನು. ಸಿದಗೊಂಡಪ್ಪ ಓಡಿ ಬಂದು ತಮ್ಮನ ರಟ್ಟೆ ಹಿಡಿದ.

"ದೀಪ ಸುಳ್ಳ ಹೇಳಿಲ್ಲೋ ತಮ್ಮಾ. ಹಗ್ಗಾ ಅರ್ಧಕ್ಕ ಹಿಡದಾಂವ ನಾನು."

ಕಾಶವ್ವ ಮುಂದೆ ಬಂದಳು. ನನ್ನನ್ನು ತರಿಸಿ, ಹಚ್ಚಿ, ತನ್ನ ಕೈಯಾರೆ ತಳದವರೆಗೆ ಇಳಿಸಿದಳು. ನಾನು ಆರಿದೆ.

ಸಿದಗೊಂಡಪ್ಪ ಜೈಲಿಗೆ ಹೋದ. ನಾನು ಪೊಲೀಸ್ ಠಾಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದೇನೆ. ಊರಿನವರು ಈಗ ನನ್ನನ್ನು ಸಾಚಾ ಎನ್ನುತ್ತಾರಂತೆ. ಎಲ್ಲಿಯ ಸಾಚಾ? ಅರ್ಧದಲ್ಲಿ ತೂಗುವಾಗಲೇ ಆ ಕೆಟ್ಟ ಗಾಳಿ ನನ್ನ ಬತ್ತಿಗೆ ತಾಕಿತ್ತು. ಪಡಸಾಲೆಯಲ್ಲಿ ಸಣ್ಣ ಗಾಳಿಗೇ ಆರಿಹೋಗಿ ನಾನು ಎಷ್ಟು ಸಲ ಬೈಸಿಕೊಂಡಿಲ್ಲ! ಅಂದೂ ಆರಿಬಿಡಬಹುದಿತ್ತು. ಆದರೆ ನಿಂಬೆವ್ವನ ಅಳು ಕಿವಿಯಲ್ಲಿತ್ತು. ಹಟ ಹಿಡಿದು ಉರಿದೆ.